ಹುತ್ತದೊಳಗಿನ ತೇವ

ಮೇ ತಿಂಗಳಲ್ಲಿ ಕಲಬುರಗಿಯಿಂದ ಆಳಂದದ ದಾರಿ ಹಿಡಿದು ಕಡಗಂಚಿಯತ್ತ ಹೊರಟರೆ ಎರಡೂ ಬದಿಗೆ ಎರಿಹೊಲಗಳು ಬಾಯಿ ಬಿಟ್ಟುಕೊಂಡು ಮಲಗಿರುತ್ತವೆ. ಬಿರುಕಿನೊಳಗೆ ಕೈ ಇಳಿಯುತ್ತದೆ, ಕೆಲವು ಕಡೆ ಮೊಣಕೈವರೆಗೂ. ಉಷ್ಣಾಂಶ 40 ಡಿಗ್ರಿ ದಾಟಿರುತ್ತದೆ. ತೊಗರಿ ರಾಶಿ ಮುಗಿದು ತಿಂಗಳುಗಳಾಗಿವೆ, ಜೋಳದ ಕಣಿಕಿ ಬಣವೆ ಸೇರಿದೆ, ಹಸಿರೆಂದರೆ ಬದುವಿನ ಬೇವು ಮತ್ತು ಜಾಲಿ ಅಷ್ಟೇ. ಅಂಥದೊಂದು ಬೇವಿನ ಬುಡದಲ್ಲಿ ಎದೆಮಟ್ಟದ ಹುತ್ತ ನಿಂತಿರುತ್ತದೆ. ಹೊರಗೋಡೆಗೆ ಗುದ್ದಲಿ ಹಾಕಿದರೆ ಖಣ್ಣೆಂದು ಸಪ್ಪಳವಾಗುತ್ತದೆ. ಹೊಲ ಸಮ ಮಾಡಲು ಬಂದ ಜೆಸಿಬಿ ಅದೇ ಹುತ್ತವನ್ನು ಸೀಳಿದಾಗ ಒಳಗಿನ ಮಣ್ಣು ತಣ್ಣಗೆ, ಹಸಿಯಾಗಿ ಬೆರಳಿಗೆ ಮೆತ್ತುತ್ತದೆ. ಸುತ್ತಲಿನ ನೆಲವೆಲ್ಲ ಒಣಗಿ ಸೀಳಿರುವಾಗ ಅದರ ನಟ್ಟನಡುವೆ ಇಷ್ಟು ಹಸಿ ಎಲ್ಲಿಂದ ಬಂತು?

ಹುತ್ತದಲ್ಲಿ ತೇವವಿದೆ ಎಂಬುದು ನಮ್ಮವರಿಗೆ ಹಳೆಯ ಸುದ್ದಿ. ಬಾವಿ ತೋಡುವ ಮೊದಲು ಹುತ್ತ ನೋಡಿ ಜಾಗ ಗುರುತಿಸುವ ರೂಢಿ ಈ ಸೀಮೆಗಷ್ಟೇ ಸೇರಿದ್ದಲ್ಲ. ಆರನೆಯ ಶತಮಾನದಲ್ಲಿ ಉಜ್ಜಯಿನಿಯ ವರಾಹಮಿಹಿರ ತನ್ನ ಬೃಹತ್ಸಂಹಿತೆಯಲ್ಲಿ ನೆಲದಡಿಯ ನೀರು ಹುಡುಕುವುದಕ್ಕೆಂದೇ ಒಂದು ಅಧ್ಯಾಯ ಬರೆದ. ಯಾವ ಮರದ ಯಾವ ದಿಕ್ಕಿಗೆ ಹುತ್ತವಿದ್ದರೆ ಎಷ್ಟು ಆಳದಲ್ಲಿ ನೀರು ಸಿಕ್ಕೀತು ಎಂದು ಅಲ್ಲಿ ಒಂದೊಂದಾಗಿ ಹೇಳಿದ್ದಾನೆ. ಪಂಚಮಿಗೆ ಹುತ್ತದ ಮಣ್ಣು ತಂದು ನಾಗಪ್ಪನನ್ನು ಮಾಡುವ ನಮ್ಮ ಮನೆಗಳಿಗೂ ಹುತ್ತವೆಂದರೆ ತಂಪಿನ ಜಾಗ, ಹಾವಿನ ನೆಲೆ. ಇನ್ನು ತಿಳಿಯಬೇಕಾದದ್ದು ಆ ತೇವವನ್ನು ಅಲ್ಲಿ ಕೂಡಿಟ್ಟವರು ಯಾಕೆ ಕೂಡಿಟ್ಟರು, ಹೇಗೆ ಕೂಡಿಟ್ಟರು ಎಂಬುದು. ಕಟ್ಟಿದ್ದು ಒರಲಿ ಎಂದು ಎಲ್ಲರಿಗೂ ಗೊತ್ತು. ಬಾಗಿಲ ಚೌಕಟ್ಟು ತಿನ್ನುವ, ಪುಸ್ತಕದ ಕಪಾಟಿಗೆ ನುಗ್ಗುವ ಅದೇ ಗೆದ್ದಲು ಈ ಒಣನೆಲದ ನೀರಿನ ಲೆಕ್ಕದಲ್ಲಿ ಎಷ್ಟು ದೊಡ್ಡ ಪಾಲುದಾರ ಎಂಬುದನ್ನು ನಾವು ಅಷ್ಟಾಗಿ ಗಮನಿಸಿಲ್ಲ.

ಕಟ್ಟುವ ಪ್ರಾಣಿಗಳು

ಉತ್ತರ ಅಮೆರಿಕ ಮತ್ತು ಯುರೋಪಿನ ತಣ್ಣನೆಯ ನಾಡುಗಳಲ್ಲಿ ಬೀವರ್ ಎಂಬ ಪ್ರಾಣಿಯಿದೆ. ಇಲಿಯ ಕುಲದ್ದು, ತೂಕ ಇಪ್ಪತ್ತು ಕಿಲೋದ ಆಸುಪಾಸು, ಚಪ್ಪಟೆ ಬಾಲ. ನೆಲದ ಮೇಲೆ ನಿಧಾನ, ತೋಳದ ಬಾಯಿಗೆ ಸುಲಭವಾಗಿ ಸಿಕ್ಕಿಬೀಳುತ್ತದೆ. ಆದ್ದರಿಂದ ಅದು ಹಲ್ಲಿನಿಂದ ಮರ ಕಡಿದು, ಹಳ್ಳಕ್ಕೆ ಅಡ್ಡ ಹಾಕಿ, ಕೆಸರು ಮೆತ್ತಿ ಕಟ್ಟೆ ಕಟ್ಟುತ್ತದೆ. ಹಿಂದೆ ನೀರು ನಿಂತು ಕೆರೆಯಾಗುತ್ತದೆ, ಕೆರೆಯ ನಡುವೆ ಅದರ ಮನೆ. ಕೆನಡಾದ ವುಡ್ ಬಫೆಲೊ ರಾಷ್ಟ್ರೀಯ ಉದ್ಯಾನದಲ್ಲಿ 2007ರಲ್ಲಿ ಉಪಗ್ರಹದ ಚಿತ್ರಗಳಿಂದ ಪತ್ತೆಯಾದ ಬೀವರ್ ಕಟ್ಟೆ ಸುಮಾರು 850 ಮೀಟರ್ ಉದ್ದ. ತನ್ನ ಜೀವ ಉಳಿಸಿಕೊಳ್ಳಲು ಬೀವರ್ ಕಟ್ಟಿದ ಕೆರೆಗೆ ಮೀನು, ಕಪ್ಪೆ, ಬಾತು ಬರುತ್ತವೆ. ದಂಡೆಯ ನೆಲ ನೀರು ಹೀರಿ ಬೇಸಿಗೆಯಲ್ಲೂ ಹಸಿರಾಗಿರುತ್ತದೆ. ಬೆಂಕಿ ಬಿದ್ದ ಕಾಡಿನಲ್ಲಿ ಆ ಪಟ್ಟಿಗಳು ಸುಡದೆ ಉಳಿದದ್ದೂ ಉಂಟು.

1994ರಲ್ಲಿ ಕ್ಲೈವ್ ಜೋನ್ಸ್, ಜಾನ್ ಲಾಟನ್ ಮತ್ತು ಮೋಶೆ ಶಚಾಕ್ ಎಂಬ ಮೂವರು ವಿಜ್ಞಾನಿಗಳು ಇಂಥ ಜೀವಿಗಳಿಗೆ ಒಂದು ಹೆಸರು ಕೊಟ್ಟರು. ಇಂಗ್ಲಿಷಿನಲ್ಲಿ ಅದು ಇಕೋಸಿಸ್ಟಮ್ ಎಂಜಿನಿಯರ್. ನಾವು ನೆಲೆ ಕಟ್ಟುವ ಜೀವಿ ಎಂದುಕೊಳ್ಳೋಣ. ತಿನ್ನುವುದರಿಂದಲೋ ತಿನ್ನಿಸಿಕೊಳ್ಳುವುದರಿಂದಲೋ ಇತರರ ಬದುಕನ್ನು ಮುಟ್ಟುವ ಜೀವಿಗಳನ್ನು ವಿಜ್ಞಾನ ಬಹಳ ಕಾಲದಿಂದ ಲೆಕ್ಕ ಹಾಕುತ್ತಲೇ ಬಂದಿತ್ತು. ನೆಲ, ನೀರು, ಗಾಳಿಯ ಇರವನ್ನೇ ಬದಲಾಯಿಸಿ ಇತರರ ಬದುಕನ್ನು ಮುಟ್ಟುವವು ಬೇರೆ ಲೆಕ್ಕಕ್ಕೆ ಬರಬೇಕು ಎಂಬುದು ಅವರ ವಾದ. ಬೀವರ್ ಅದಕ್ಕೆ ಪಠ್ಯಪುಸ್ತಕದ ಮೊದಲ ಉದಾಹರಣೆಯಾಯಿತು. ಆದರೆ ಮೂವರಲ್ಲಿ ಒಬ್ಬರಾದ ಶಚಾಕ್ ಇಸ್ರೇಲಿನ ನೆಗೆವ್ ಮರುಭೂಮಿಯಲ್ಲಿ ಕೆಲಸ ಮಾಡಿದವರು. ಅಲ್ಲಿ ಮುಳ್ಳುಹಂದಿ ಗೆಡ್ಡೆಗಾಗಿ ತೋಡಿದ ಗುಂಡಿಗಳಲ್ಲಿ ನೀರು ನಿಂತು ಸಸಿಗಳು ಹುಟ್ಟುವುದನ್ನು ನೋಡಿದ್ದರು. ಹಾಗಾಗಿ ಈ ವಿಚಾರಕ್ಕೆ ಒಣನೆಲದ ನಂಟು ಮೊದಲಿನಿಂದಲೂ ಇದೆ. ಭೀಮೆ, ಅಮರ್ಜಾ ನದಿಗಳ ಸೀಮೆಯಲ್ಲಿ ಬೀವರ್ ಇಲ್ಲ. ಇಲ್ಲಿ ನೀರಿನ ದಾರಿಯನ್ನು ತಿದ್ದುವ ಕೆಲಸ ಅಕ್ಕಿಕಾಳಿನಷ್ಟು ಉದ್ದದ ಹುಳುವಿನದು.

ತೆಳ್ಳನೆಯ ಮೈ

ಬೀವರ್‌ನ ಕಟ್ಟೆಗೆ ಅದರ ನಿಧಾನಗತಿ ಕಾರಣ. ಒರಲಿಯ ಹುತ್ತಕ್ಕೆ ಅದರ ಚರ್ಮ ಕಾರಣ. ಇರುವೆಗೆ ಗಟ್ಟಿ ಕವಚವಿದೆ, ನಡುಮಧ್ಯಾಹ್ನದ ಬಿಸಿಲಿನಲ್ಲೂ ಓಡಾಡಬಲ್ಲದು. ಕೆಲಸಗಾರ ಒರಲಿಯ ಮೈ ಮೆತ್ತಗೆ, ಬಿಳಿ, ತೆಳು. ಒಣಗಾಳಿಗೆ ಒಡ್ಡಿದರೆ ಬಲುಬೇಗ ನೀರು ಕಳೆದುಕೊಂಡು ಸಾಯುತ್ತದೆ. ಕಟ್ಟಿಗೆಯ ಮೇಲೆ, ಒಣ ಸೆಗಣಿಯ ಮೇಲೆ ಅದು ಮೊದಲು ಮಣ್ಣಿನ ಹೊದಿಕೆ ಹಾಸಿ ಆಮೇಲೆ ಅದರಡಿಯಲ್ಲಿ ಕುಳಿತು ತಿನ್ನುವುದು ಈ ಕಾರಣಕ್ಕೆ. ಅದು ಎಲ್ಲಿ ಹೋದರೂ ತನ್ನ ನೆರಳು ತೇವಗಳನ್ನು ಜೊತೆಗೇ ಕಟ್ಟಿಕೊಂಡು ಹೋಗಬೇಕು.

ಜಗತ್ತಿನಲ್ಲಿ ಸುಮಾರು 3,000 ಜಾತಿಯ ಗೆದ್ದಲುಗಳಿವೆ. ದಕ್ಷಿಣ ಭಾರತದಲ್ಲಿ ಗೋಪುರದಂತೆ ಹುತ್ತ ಎಬ್ಬಿಸುವುದು ಮುಖ್ಯವಾಗಿ ಓಡಾಂಟೊಟರ್ಮಿಸ್ ಒಬೇಸಸ್ ಎಂಬ ಜಾತಿ. ಇದಕ್ಕೆ ಇನ್ನೊಂದು ಗಂಟೂ ಬಿದ್ದಿದೆ. ಇದು ಅಣಬೆ ಬೆಳೆಯುವ ರೈತ. ಒಣ ಕಡ್ಡಿ, ಎಲೆ, ಸೆಗಣಿಗಳನ್ನು ತಿಂದು ತಂದು ಹುತ್ತದೊಳಗಿನ ಕೋಣೆಗಳಲ್ಲಿ ಅದರಿಂದಲೇ ತೂತುತೂತಾದ ಹಾಸುಗಳನ್ನು ಕಟ್ಟುತ್ತದೆ. ಅವುಗಳ ಮೇಲೆ ಟರ್ಮಿಟೋಮೈಸಿಸ್ ಎಂಬ ಶಿಲೀಂಧ್ರ ಬೆಳೆಯುತ್ತದೆ. ಕಟ್ಟಿಗೆಯ ಗಟ್ಟಿ ನಾರನ್ನು ಮುರಿಯುವ ಕೆಲಸ ಶಿಲೀಂಧ್ರದ್ದು, ಮುರಿದದ್ದನ್ನು ಉಣ್ಣುವುದು ಗೆದ್ದಲು. ಆಫ್ರಿಕದಲ್ಲಿ ಸುಮಾರು ಮೂರು ಕೋಟಿ ವರ್ಷಗಳ ಹಿಂದೆ ಈ ಕೂಡುಬೇಸಾಯ ಶುರುವಾಯಿತು. ಮಳೆಗಾಲದಲ್ಲಿ ಹುತ್ತದ ಮೈಮೇಲೆ ಒಮ್ಮೆಲೇ ಎದ್ದು ನಿಲ್ಲುವ, ಮನೆಗೆ ತಂದು ಸಾರು ಮಾಡುವ ಬಿಳಿ ಅಣಬೆ ಆ ಬೇಸಾಯದ ಹೂವು. ಈ ಶಿಲೀಂಧ್ರಕ್ಕೂ ಹವೆ ತುಂಬ ಆರ್ದ್ರವಾಗಿಯೇ ಇರಬೇಕು. ಹೀಗೆ ಹುತ್ತದೊಳಗೆ ತೇವವನ್ನು ಬೇಡುವವರು ಇಬ್ಬರಾದರು.

ಆ ತೇವ ಬರುವ ದಾರಿಗಳು ಒಂದಕ್ಕಿಂತ ಹೆಚ್ಚು. ತಿಂದ ನಾರು ಮೈಯಲ್ಲಿ ಉರಿದಾಗ ಒಂದಿಷ್ಟು ನೀರು ಹುಟ್ಟುತ್ತದೆ, ಗೆದ್ದಲಿನ ಮೈಯಲ್ಲೂ ಶಿಲೀಂಧ್ರದ ಮೈಯಲ್ಲೂ. ಇದಕ್ಕಿಂತ ಮುಖ್ಯವಾಗಿ, ಕೆಲಸಗಾರರು ಕೆಳಗಿನ ಹಸಿಮಣ್ಣಿಗೆ ಸುರಂಗ ಇಳಿಸಿ ಅಲ್ಲಿಂದ ನೀರನ್ನು ಹೊಟ್ಟೆಯಲ್ಲೂ ಒದ್ದೆಮಣ್ಣಿನ ಉಂಡೆಗಳಲ್ಲೂ ಮೇಲಕ್ಕೆ ಸಾಗಿಸುತ್ತವೆ. ನಮೀಬಿಯಾದ ಹುತ್ತಗಳನ್ನು ಅಧ್ಯಯನ ಮಾಡಿದ ಸ್ಕಾಟ್ ಟರ್ನರ್ ಇದನ್ನು ವಿವರವಾಗಿ ತೋರಿಸಿದ್ದಾರೆ: ಮಳೆ ಬಂದಾಗ ಗೂಡಿನಿಂದ ಹೆಚ್ಚಿನ ನೀರನ್ನು ಹೊರಸಾಗಿಸುತ್ತವೆ, ಒಣಗಿದಾಗ ಒಳತರುತ್ತವೆ. ಮಣ್ಣು ಸಾಗಿಸುವುದೂ ನೀರು ಸಾಗಿಸುವುದೂ ಅವಕ್ಕೆ ಒಂದೇ ಕೆಲಸದ ಎರಡು ಮುಖ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಈ ತೇವ ಮೇಲ್ಮಣ್ಣಿನ ಕೆಳಗಿನ ಹಸಿ; ಬೋರ್‌ವೆಲ್ ಮುಟ್ಟುವ ನೀರಲ್ಲ. ಕಡಗಂಚಿಯ ಅಡಿಯಲ್ಲಿರುವುದು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದು ಹೆಪ್ಪುಗಟ್ಟಿದ ಲಾವಾ, ಅಂದರೆ ಕರಿಕಲ್ಲು. ಅಲ್ಲಿ ಆಳದ ನೀರು ಇರುವುದು ಕಲ್ಲಿನ ಬಿರುಕುಗಳಲ್ಲಿ. ತೋಡುಬಾವಿಯ ಕಾಲದಲ್ಲಿ ಹುತ್ತ ಕೊಡುತ್ತಿದ್ದ ಸುಳಿವಿಗೆ ಬೆಲೆ ಇದ್ದಿರಬಹುದು. ನೂರಾರು ಅಡಿ ಕೊರೆಸುವವರು ಹುತ್ತ ನಂಬಿ ಸಾಲ ಮಾಡಬಾರದು.

ಉಂಡೆಯ ಮೇಲೆ ಉಂಡೆ

ಹುತ್ತದ ಗೋಡೆಯ ಗಟ್ಟಿತನದ ಬಗ್ಗೆ ನಮ್ಮ ರಾಜ್ಯದಲ್ಲೇ ಒಳ್ಳೆಯ ಕೆಲಸ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪರಿಸರ ವಿಜ್ಞಾನಿ ರೆನೀ ಬೋರ್ಜಸ್, ಸಿವಿಲ್ ಎಂಜಿನಿಯರ್ ತೇಜಸ್ ಮೂರ್ತಿ ಮತ್ತು ಅವರ ಜೊತೆಗಾರರು ಒಬೇಸಸ್ ಗೆದ್ದಲು ಮಣ್ಣನ್ನು ಹೇಗೆ ಹದ ಮಾಡುತ್ತದೆ ಎಂದು ವರ್ಷಗಟ್ಟಲೆ ನೋಡಿದರು. ಪ್ರತಿ ಕೆಲಸಗಾರ ಮಣ್ಣನ್ನು ಬಾಯಲ್ಲಿ ತೆಗೆದುಕೊಂಡು, ಜೊಲ್ಲು ಬೆರೆಸಿ, ಪುಟ್ಟ ಉಂಡೆ ಮಾಡಿ, ಅದನ್ನು ಮುಂಚಿನ ಉಂಡೆಗೆ ಒತ್ತಿ ಕೂರಿಸುತ್ತದೆ. ಅವರ 2020ರ ಒಂದು ಪ್ರಬಂಧ ಹೇಳುವುದನ್ನು ಕೇಳಿ: ಗೋಡೆಗೆ ಬಲ ಬರಲು ಸರಿಯಾದ ಹದದ ನೀರೇ ಸಾಕು, ಆದರೆ ಗಾಳಿಮಳೆಗೆ ಕರಗದೆ ನಿಲ್ಲಲು ನೀರೊಂದೇ ಸಾಲದು, ಅದಕ್ಕೆ ಗೆದ್ದಲಿನ ಮೈಯಿಂದ ಬಂದ ಅಂಟು ಬೇಕು. ಮಣ್ಣಿನ ಮನೆ ಕಟ್ಟಿದ ಯಾರಿಗಾದರೂ ಈ ಮಾತಿನ ತೂಕ ಗೊತ್ತಾಗುತ್ತದೆ. ಮಣ್ಣು ಕಲಸುವಾಗಿನ ನೀರಿನ ಹದ ಎಷ್ಟು ಮುಖ್ಯವೆಂದು ಹುಳುವಿಗೂ ಗೊತ್ತು.

ಈ ಗೋಡೆ ಗಟ್ಟಿಯಾದರೂ ಉಸಿರುಗಟ್ಟಿಸುವುದಿಲ್ಲ. ಲಕ್ಷಗಟ್ಟಲೆ ಹುಳುಗಳೂ ಅವುಗಳ ಶಿಲೀಂಧ್ರವೂ ಉಸಿರಾಡುವ ಗೂಡಿಗೆ ಹೊರಗಾಳಿ ಬೇಕೇ ಬೇಕು. ಜೀವಂತವಿರುವ ಒಬೇಸಸ್ ಹುತ್ತಕ್ಕೆ ಹೊರಗೆ ತೆರೆದ ದೊಡ್ಡ ಬಾಯಿ ಇರುವುದಿಲ್ಲ. ನಮಗೆ ಕಾಣುವ ಹುತ್ತದ ಬಾಯಿಗಳು ಗೋಡೆ ಕುಸಿದೋ, ಗೆದ್ದಲು ಬಿಟ್ಟುಹೋದ ಮೇಲೆ ಬೇರೆ ಪ್ರಾಣಿಗಳು ಹೊಕ್ಕೋ ಆದವು. ಹಾಗಾದರೆ ಗಾಳಿ ಹೇಗೆ ಆಡುತ್ತದೆ? ಹಂಟರ್ ಕಿಂಗ್, ಸ್ಯಾಮ್ಯುಯಲ್ ಒಕೊ ಮತ್ತು ಎಲ್. ಮಹಾದೇವನ್ ಬೆಂಗಳೂರಿನ ಹುತ್ತಗಳಲ್ಲಿ ಅಳತೆ ಮಾಡಿ 2015ರಲ್ಲಿ ಪ್ರಕಟಿಸಿದ ಉತ್ತರ ಚೆಲುವಾದದ್ದು. ಹಗಲಿನಲ್ಲಿ ಹುತ್ತದ ಹೊರಮೈಯ ತೆಳು ಮಡಿಕೆಗಳು ಬೇಗ ಕಾಯುತ್ತವೆ, ನಡುವಿನ ಕೊಳವೆ ತಂಪಾಗಿರುತ್ತದೆ. ಹೊರಗಿನ ಬಿಸಿಗಾಳಿ ಏರುತ್ತದೆ, ನಡುವೆ ಇಳಿಯುತ್ತದೆ. ರಾತ್ರಿ ಹೊರಮೈ ಮೊದಲು ತಣಿಯುತ್ತದೆ, ಗಾಳಿಯ ಸುತ್ತು ತಿರುಗಿ ನಡುವೆ ಏರಿ ಹೊರಗೆ ಇಳಿಯುತ್ತದೆ. ಒಳಗಿನ ಕೆಟ್ಟಗಾಳಿ ಗೋಡೆಯ ಸಣ್ಣ ರಂಧ್ರಗಳಿಂದಲೇ ಹೊರಗೆ ಹೋಗುತ್ತದೆ. ಗಾಳಿಯನ್ನು ಬಿಡಬೇಕು, ತೇವವನ್ನು ಉಳಿಸಬೇಕು. ಈ ಎರಡನ್ನೂ ಒಂದೇ ಗೋಡೆ ಮಾಡುತ್ತದೆ. ಬಯಲುಸೀಮೆಯಲ್ಲಿ ಹಗಲು ರಾತ್ರಿಯ ತಾಪದ ಅಂತರ ದೊಡ್ಡದು, ಆ ಅಂತರವೇ ಈ ಯಂತ್ರಕ್ಕೆ ಇಂಧನ.

ಮಳೆ ಬಿದ್ದಾಗ

ಈಗ ಹುತ್ತ ಬಿಟ್ಟು ಹೊಲಕ್ಕೆ ಬರೋಣ. ಒರಲಿಯ ದೊಡ್ಡ ಕೆಲಸ ನಡೆಯುವುದು ಕಣ್ಣಿಗೆ ಕಾಣುವ ಗೋಪುರದಿಂದ ಆಚೆ. ಮೇವಿಗಾಗಿ ಅದು ಹುತ್ತದ ಸುತ್ತ ದೂರದವರೆಗೆ ನೆಲದಡಿ ದಾರಿಗಳನ್ನು ಕೊರೆದು, ಅಲ್ಲಲ್ಲಿ ಮೇಲ್ಮೈಗೆ ಬಾಯಿ ತೆರೆಯುತ್ತದೆ.

ಕಲಬುರಗಿ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಹೆಚ್ಚುಕಡಿಮೆ 750 ಮಿಲಿಮೀಟರ್. ಬಹುಪಾಲು ಕೆಲವೇ ಜೋರು ಮಳೆಗಳಲ್ಲಿ ಬಂದುಹೋಗುತ್ತದೆ. ಇಲ್ಲಿನ ಬರಕ್ಕೆ ಮಳೆಯ ಕೊರತೆ ಎಷ್ಟು ಕಾರಣವೋ ಬಿದ್ದ ಮಳೆ ನೆಲಕ್ಕೆ ಇಳಿಯದೆ ಓಡಿಹೋಗುವುದೂ ಅಷ್ಟೇ ಕಾರಣ ಎಂಬುದು ನನ್ನ ಅಭಿಪ್ರಾಯ. ಎರಿಮಣ್ಣಿನಲ್ಲಿ ಸ್ಮೆಕ್ಟೈಟ್ ಎಂಬ ಜೇಡಿಯಿದೆ. ಒಣಗಿದಾಗ ಕುಗ್ಗಿ ಸೀಳುತ್ತದೆ, ನೆನೆದಾಗ ಉಬ್ಬುತ್ತದೆ. ಮುಂಗಾರಿನ ಮೊದಲ ನೀರು ಬಿರುಕುಗಳೊಳಗೆ ಧುಮುಕುತ್ತದೆ. ಮಣ್ಣು ಉಬ್ಬಿ ಬಿರುಕು ಮುಚ್ಚಿದ ಮೇಲೆ ಒಂದು ತಾಸಿಗೆ ಇಂಗುವ ನೀರು ತೀರ ಕಡಿಮೆ. ಉಳಿದದ್ದು ಬದು ಒಡೆದು ಹಳ್ಳ ಸೇರಿ ಭೀಮೆಗೆ. ಮಡ್ಡಿಯ ಕಲ್ಲುಮಣ್ಣಿನ ಕಥೆ ಬೇರೆ. ಅಲ್ಲಿ ಮಳೆಹನಿ ಬಡಿದು ಮೇಲ್ಮಣ್ಣಿನ ಕಣಗಳು ಒಡೆದು ಕೂಡಿಕೊಂಡು ಬೆರಳುಗುರಿನಷ್ಟು ದಪ್ಪದ ಹೆಪ್ಪಾಗುತ್ತದೆ. ಆ ಹೆಪ್ಪಿನ ಮೇಲೆ ನೀರು ನಿಲ್ಲುವುದಿಲ್ಲ, ಒಳಕ್ಕೂ ಇಳಿಯುವುದಿಲ್ಲ, ಜಾರಿಹೋಗುತ್ತದೆ.

ಒರಲಿ ಕೊರೆದ ಬಾಯಿಗಳು ಈ ಹೆಪ್ಪನ್ನು ಕೆಳಗಿನಿಂದ ಒಡೆಯುತ್ತವೆ. ಒಂದು ಬಾಯಿ ಕಡ್ಲೆಕಾಳಿನಷ್ಟೂ ಇರಲಿಕ್ಕಿಲ್ಲ. ಹೊಲದ ತುಂಬ ಅಂಥ ನೂರಾರು ಇದ್ದಾಗ ಹರಿದುಹೋಗುವ ನೀರಿಗೆ ದಾರಿಯಲ್ಲಿ ನೂರಾರು ಇಳಿದಾಣಗಳು ಸಿಗುತ್ತವೆ, ಮತ್ತು ಸುರಂಗ ಆ ನೀರನ್ನು ಬಿಸಿಲು ಮುಟ್ಟದ ಆಳಕ್ಕೆ ಒಯ್ಯುತ್ತದೆ. ಇದೇ ಈ ಬರಹದ ತಿರುಳು. ಬೀವರ್ ಹರಿಯುವ ನೀರಿಗೆ ಅಡ್ಡಕಟ್ಟಿ ನಿಲ್ಲಿಸುತ್ತದೆ, ಒರಲಿ ಹರಿಯುವ ನೀರಿಗೆ ತೂತು ತೋರಿಸಿ ಇಳಿಸುತ್ತದೆ. ಎರಡೂ ತಂತಮ್ಮ ಅನುಕೂಲಕ್ಕೆ ಮಾಡಿಕೊಂಡದ್ದು. ಎರಡರಿಂದಲೂ ನೀರು ನೆಲದಲ್ಲಿ ಹೆಚ್ಚು ದಿನ ಉಳಿಯುತ್ತದೆ.

ಇದನ್ನು ಹೊಲದಲ್ಲೇ ಅಳೆದವರಿದ್ದಾರೆ. ಥಿಯೋಡರ್ ಇವಾನ್ಸ್ ಮತ್ತು ಸಂಗಡಿಗರು ಪಶ್ಚಿಮ ಆಸ್ಟ್ರೇಲಿಯಾದ ಒಣ ಗೋಧಿಹೊಲಗಳಲ್ಲಿ ಕೆಲವು ಪಟ್ಟಿಗಳಲ್ಲಿ ಇರುವೆ ಗೆದ್ದಲುಗಳನ್ನು ಔಷಧದಿಂದ ದೂರವಿಟ್ಟರು, ಉಳಿದವನ್ನು ಹಾಗೇ ಬಿಟ್ಟರು. ಹುಳುಗಳಿದ್ದ ಪಟ್ಟಿಗಳಲ್ಲಿ ಗೋಧಿ 36 ಪ್ರತಿಶತ ಹೆಚ್ಚು ಬಂತು. 2011ರಲ್ಲಿ ಪ್ರಕಟವಾದ ಆ ಅಧ್ಯಯನ ಕೊಟ್ಟ ಕಾರಣಗಳು ಎರಡು: ಸುರಂಗಗಳಿಂದ ಹೆಚ್ಚು ನೀರು ಇಂಗಿತು, ಮಣ್ಣಿನಲ್ಲಿ ಸಾರಜನಕ ಹೆಚ್ಚಾಯಿತು.

ಬುರ್ಕಿನಾ ಫಾಸೊದ ರೈತ ಯಾಕೂಬಾ ಸವಾದೊಗೊ ಅವರಿಗೆ ಯಾವ ಅಧ್ಯಯನವೂ ಬೇಕಾಗಲಿಲ್ಲ. 1980ರ ದಶಕದ ಬರದಲ್ಲಿ ನೆಲ ಹೆಪ್ಪುಗಟ್ಟಿ ಊರಿಗೆ ಊರೇ ಗುಳೆ ಹೋಗುತ್ತಿದ್ದಾಗ ಅವರು ಅಲ್ಲಿನ ಹಳೆಯ ಪದ್ಧತಿಯೊಂದನ್ನು ತಿದ್ದಿ ಬೆಳೆಸಿದರು. ಬೇಸಿಗೆಯಲ್ಲೇ ಗೇಣಗಲದ ಗುಂಡಿಗಳನ್ನು ತೋಡಿ, ಪ್ರತಿಯೊಂದಕ್ಕೂ ಒಂದಿಷ್ಟು ಗೊಬ್ಬರ, ಒಣ ಎಲೆ ಹಾಕಿಟ್ಟರು. ಗೊಬ್ಬರದ ವಾಸನೆಗೆ ಗೆದ್ದಲು ಬಂತು, ಗುಂಡಿಯ ತಳವನ್ನು ಕೊರೆಯಿತು. ಮಳೆ ಬಂದಾಗ ಆ ಗುಂಡಿಗಳು ನೀರು ಕುಡಿದವು, ಸಜ್ಜೆ ಜೋಳ ಬೆಳೆದವು, ಮುಂದೆ ಮರಗಳೂ ಬಂದು ಅವರ ಹೊಲ ಕಾಡಾಯಿತು. ಝಾಯಿ ಎಂದು ಕರೆಯುವ ಈ ಪದ್ಧತಿಗಾಗಿ ಅವರಿಗೆ 2018ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು. 2023ರಲ್ಲಿ ಅವರು ತೀರಿಕೊಂಡರು. ಅವರ ಊರಿನ ಮಳೆ ನಮ್ಮದಕ್ಕಿಂತ ಹೆಚ್ಚೇನಲ್ಲ.

ಬರಗಾಲದ ಹಗೇವು

ನಮ್ಮ ಹಿರಿಯರು ಹಗೇವು ತೋಡಿ ಜೋಳ ತುಂಬಿಡುತ್ತಿದ್ದರು. ಸುಗ್ಗಿಯಲ್ಲಿ ನೆಲದಡಿ ಇಳಿದ ಕಾಳು ಬರದ ವರ್ಷ ಮೇಲೆ ಬಂದು ಮನೆಯನ್ನೂ ಉಣಿಸುತ್ತಿತ್ತು, ಮುಂದಿನ ಬಿತ್ತನೆಗೂ ಆಗುತ್ತಿತ್ತು. ಒಣನೆಲದ ಗಿಡಗಳಿಗೆ ಹುತ್ತ ಇಂಥ ಹಗೇವು. ಕೀನ್ಯಾದ ಹುಲ್ಲುಗಾವಲಿನಲ್ಲಿ ನಮ್ಮ ಹುತ್ತದ ಗೆದ್ದಲಿನ ಹತ್ತಿರದ ಸಂಬಂಧಿಗಳಿವೆ. ಅಲ್ಲಿ ಅವು ಗೋಪುರದ ಬದಲು ನೆಲಮಟ್ಟದ ದಿಬ್ಬ ಮಾಡುತ್ತವೆ. ರಾಬರ್ಟ್ ಪ್ರಿಂಗಲ್ ಮತ್ತು ಜೊತೆಗಾರರು 2010ರಲ್ಲಿ ತೋರಿಸಿದಂತೆ, ದಿಬ್ಬಕ್ಕೆ ಹತ್ತಿರವಾದಷ್ಟೂ ಗಿಡಗಳು ಹೆಚ್ಚು ಫಲ ಬಿಡುತ್ತವೆ, ಹುಳುಹುಪ್ಪಟೆ ಹೆಚ್ಚು, ಅವನ್ನು ತಿನ್ನುವ ಹಲ್ಲಿಗಳೂ ಹೆಚ್ಚು. 2015ರಲ್ಲಿ ಹುವಾನ್ ಬೊನಾಚೆಲಾ, ಪ್ರಿಂಗಲ್, ಕೊರಿನಾ ಟಾರ್ನಿಟಾ ಮತ್ತಿತರರು ಗಣಿತದ ಮಾದರಿ ಕಟ್ಟಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ದಿಬ್ಬದ ಮಣ್ಣು ತೇವ ಹಿಡಿಯುವುದರಿಂದ, ಸುತ್ತಲಿನ ಹುಲ್ಲು ಸಾಯುವಷ್ಟು ಕಡಿಮೆ ಮಳೆಯಲ್ಲೂ ದಿಬ್ಬದ ಹುಲ್ಲು ಬದುಕುತ್ತದೆ. ಮಳೆ ಮರಳಿದಾಗ ಬೀಜ ಅಲ್ಲಿಂದಲೇ ಹರಡುತ್ತದೆ. ಹುತ್ತಗಳಿರುವ ನೆಲ ಮರುಭೂಮಿಯಾಗುವುದಕ್ಕೆ ಹೆಚ್ಚು ಬರ ಬೇಕು, ಅದು ಚೇತರಿಸಿಕೊಳ್ಳಲು ಕಡಿಮೆ ಮಳೆ ಸಾಕು.

ಹುತ್ತಕ್ಕೆ ಬಾಡಿಗೆಗೆ ಬರುವವರ ಪಟ್ಟಿ ಉದ್ದವಿದೆ. ನಾಗರಹಾವು, ಕೇರೆ, ಉಡ, ಮುಂಗುಸಿ, ಚೇಳು, ನೆಲಗಪ್ಪೆ. ಹೊರಗೆ ನೆಲ ಕಾದಾಗಲೂ ಒಳಗೆ ಹದವಾದ ತಂಪು, ಹಸಿ. ಹಾವಿನ ಮೊಟ್ಟೆಯ ಸಿಪ್ಪೆ ಕೋಳಿಮೊಟ್ಟೆಯಷ್ಟು ಗಟ್ಟಿಯಿಲ್ಲ, ಒಣನೆಲದಲ್ಲಿ ಅದು ಸುರುಟಿಹೋಗುತ್ತದೆ. ಪಾಳು ಹುತ್ತದಲ್ಲಿ ಹಾವು ಯಾಕಿರುತ್ತದೆ ಎಂಬುದಕ್ಕೆ ಇಷ್ಟು ವಿವರಣೆ ಸಾಕು. ಮೊದಲ ಮಳೆಯ ಸಂಜೆ ಹುತ್ತದಿಂದ ಎದ್ದು ಬರುವ ರೆಕ್ಕೆಯ ಮಳೆಹುಳುಗಳ ಮೇಲೆ ಕಾಜಾಣ, ಮೈನಾ, ಹದ್ದು, ಕಪ್ಪೆ, ಹಲ್ಲಿಗಳೆಲ್ಲ ಮುಗಿಬೀಳುತ್ತವೆ. ವರ್ಷವಿಡೀ ಒಣ ಕಡ್ಡಿ ಸೆಗಣಿಗಳಲ್ಲಿ ಸಿಕ್ಕಿಕೊಂಡಿದ್ದ ಸಾರ ಹೀಗೆ ಒಂದೇ ಸಂಜೆಯಲ್ಲಿ ಹಕ್ಕಿಗಳ ಹೊಟ್ಟೆ ಸೇರುತ್ತದೆ.

ರೈತನ ದೂರು, ಒಂದು ಪ್ರಯೋಗ

ಅಫಜಲಪುರದ ಕಡೆ ಕಬ್ಬು ನೆಟ್ಟವರಿಗೆ ಇಷ್ಟೆಲ್ಲ ಹೊಗಳಿಕೆ ಹೇಳಿದರೆ ಸಿಟ್ಟು ಬರುವುದು ನ್ಯಾಯವೇ. ನೆಟ್ಟ ತುಂಡಿಗೆ ಒರಲಿ ಹತ್ತಿ ಸಾಲಿಗೆ ಸಾಲೇ ಹುಟ್ಟದೆ ಹೋಗುವುದುಂಟು. ಶೇಂಗಾ, ಗೋಧಿಗೂ ಅದರ ಕಾಟವಿದೆ. ಹೊಸ ಸಸಿಯ ಬೇರನ್ನೂ ಬಿಡುವುದಿಲ್ಲ. ಇದು ಸುಳ್ಳಲ್ಲ, ನಷ್ಟವೂ ಸಣ್ಣದಲ್ಲ. ಆದರೆ ಹುತ್ತದ ಗೆದ್ದಲಿನ ಮುಖ್ಯ ಊಟ ಸತ್ತ, ಒಣಗಿದ ನಾರು. ಕೊಯ್ಲಾದ ಮೇಲೆ ಹೊಲದಲ್ಲಿ ಒಂದು ಕಡ್ಡಿಯೂ ಉಳಿಯದಂತೆ ಸುಟ್ಟು, ತೊಗರಿ ಕಟ್ಟಿಗೆಯನ್ನೆಲ್ಲ ಒಲೆಗೆ ಒಯ್ದು, ಸೆಗಣಿಯನ್ನೆಲ್ಲ ಕುಳ್ಳು ತಟ್ಟಿದ ಮೇಲೆ ಅದಕ್ಕೆ ಉಳಿಯುವುದು ಬೆಳೆಯೊಂದೇ. ಬೆಳೆ ಇರುವ ಸಾಲಿಗೆ ಉಪಚಾರ ಮಾಡಿಕೊಳ್ಳುವುದು ಬೇರೆ, ಬದುವಿನ ಮೇಲಿನ ಹುತ್ತವನ್ನು ಹುಡುಕಿ ಔಷಧ ಸುರಿದು ಕೊಲ್ಲುವುದು ಬೇರೆ. ಎರಡನೆಯದು ಹೊಲದ ನೀರಿಗೆ ಬೀಳುವ ಹೊಡೆತ ಎಂದು ನಾನು ನಂಬಿದ್ದೇನೆ.

ನಂಬಿಕೆ ಸಾಲದು, ನಮ್ಮ ಮಣ್ಣಿನಲ್ಲೇ ಅಳತೆಯಾಗಬೇಕು. ಆಸ್ಟ್ರೇಲಿಯಾದ ಗೋಧಿಹೊಲದ ಅಂಕಿ ಎರಿಭೂಮಿಗೆ ಹಾಗೆಹಾಗೇ ಹೊಂದುವುದಿಲ್ಲ. ಅಳೆಯಲು ಜಾಗಕ್ಕೆ ಕೊರತೆಯಿಲ್ಲ: ಕಡಗಂಚಿಯಲ್ಲಿ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದ ಆವರಣ 650 ಎಕರೆಯಷ್ಟು ಹರಡಿದೆ. ಆಳಂದ, ಅಫಜಲಪುರ, ಜೇವರ್ಗಿಯ ಪ್ರತಿ ಹೈಸ್ಕೂಲಿನ ಹತ್ತಿರವೂ ಒಂದು ಹುತ್ತ ಸಿಕ್ಕೀತು. ಬೇಕಾದದ್ದು ಎರಡೂ ಕಡೆ ತೆರೆದ ಒಂದು ಅಗಲವಾದ ತಗಡಿನ ಡಬ್ಬಿ, ಅಳತೆಯ ಪಾತ್ರೆ, ಒಂದು ಗಡಿಯಾರ. ಡಬ್ಬಿಯನ್ನು ನಾಲ್ಕು ಬೆರಳು ಆಳಕ್ಕೆ ನೆಲಕ್ಕೆ ಇಳಿಸಿ, ಒಂದು ಲೀಟರ್ ನೀರು ಹೊಯ್ದು, ಇಂಗಲು ಎಷ್ಟು ನಿಮಿಷ ಹಿಡಿಯಿತೆಂದು ಬರೆದುಕೊಳ್ಳಬೇಕು. ಹುತ್ತದ ಬುಡದಲ್ಲಿ, ಹತ್ತು ಹೆಜ್ಜೆ ಆಚೆ, ಐವತ್ತು ಹೆಜ್ಜೆ ಆಚೆ, ಹೀಗೆ ನಾಲ್ಕೂ ದಿಕ್ಕಿಗೆ. ಮಡ್ಡಿಯಲ್ಲೊಮ್ಮೆ, ಎರಿಯಲ್ಲೊಮ್ಮೆ. ಎರಿಹೊಲದಲ್ಲಿ ಮುಂಗಾರಿಗೆ ಮುಂಚೆ ಒಮ್ಮೆ ಅಳೆದು ಸೆಪ್ಟೆಂಬರಿನಲ್ಲಿ ಮತ್ತೊಮ್ಮೆ ಅಳೆಯಲೇಬೇಕು. ನೆಲ ಬಿರುಕು ಬಿಟ್ಟಾಗಿನ ಲೆಕ್ಕವೇ ಬೇರೆ, ಉಬ್ಬಿ ಮುಚ್ಚಿಕೊಂಡಾಗಿನ ಲೆಕ್ಕವೇ ಬೇರೆ. ಒರಲಿಯ ದಾರಿಗಳು ನಿಜಕ್ಕೂ ಕೆಲಸಕ್ಕೆ ಬರುತ್ತವೆಯೇ ಎಂಬುದು ಗೊತ್ತಾಗುವುದು ಎರಡನೆಯ ಅಳತೆಯಲ್ಲಿ.